ಮೊದಲು ಪಾಸ್‌ಪೋರ್ಟೋ, ಮೊದಲು ಪೆಟ್ಟಿಗೆಯೋ

1929ರ ಆಗಸ್ಟ್ 26ರ ಬೆಳಗಿನ ಜಾವ ಲಾಸ್ ಏಂಜಲೀಸ್‌ನ ಮೈನ್ಸ್ ಫೀಲ್ಡ್ ಎಂಬ ಬಯಲಿನಲ್ಲಿ ಗ್ರಾಫ್ ಜೆಪ್ಪೆಲಿನ್ ವಾಯುನೌಕೆ ಇಳಿಯಿತು. ಟೋಕಿಯೊ ಹತ್ತಿರದ ಕಸುಮಿಗೌರಾದಿಂದ ಹೊರಟು, ನಡುವೆ ಎಲ್ಲೂ ನಿಲ್ಲದೆ, ಪೆಸಿಫಿಕ್ ಸಾಗರವನ್ನು ಗಾಳಿಯಲ್ಲೇ ದಾಟಿ ಬಂದ ಮೊದಲ ಪಯಣ ಅದು. ಅದಕ್ಕೆ ಸ್ವಲ್ಪ ಮುಂಚಿನವರೆಗೂ ಆ ನೆಲದಲ್ಲಿ ಬಾರ್ಲಿ, ಬೀನ್ಸ್ ಬೆಳೆಯುತ್ತಿದ್ದರು. ಇಂದು ಅದೇ ಜಾಗ ಲಾಸ್ ಏಂಜಲೀಸ್ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ, ಜನರ ಬಾಯಲ್ಲಿ ಎಲ್‌ಎಎಕ್ಸ್.

ಹೊರದೇಶದಿಂದ ಇಲ್ಲಿಗೆ ಬಂದಿಳಿದವರು ಹೆಜ್ಜೆ ಹಾಕಬೇಕಾದ ಕ್ರಮ ಬಹುತೇಕ ಎಲ್ಲರಿಗೂ ಬಾಯಿಪಾಠ. ಮೊದಲು ಪಾಸ್‌ಪೋರ್ಟಿನ ಸಾಲು, ಆಮೇಲೆ ಬೆಲ್ಟಿನ ಮುಂದೆ ಲಗೇಜಿಗಾಗಿ ಕಾಯುವುದು, ಕೊನೆಗೆ ಕಸ್ಟಮ್ಸ್ ಮತ್ತು ಕೃಷಿ ತಪಾಸಣೆ. ಇದೇ ಸಹಜ ಎಂಬಷ್ಟು ಅಭ್ಯಾಸವಾಗಿಬಿಟ್ಟಿದೆ. ಆದರೆ ಈ ಕ್ರಮ ವಿಮಾನಕ್ಕೆಂದು ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ಬಂದರಿನಲ್ಲಿ ಹಡಗಿಗೆ ಮಾಡಿದ್ದನ್ನು ವಿಮಾನಕ್ಕೆ ಹಾಗೆಯೇ ಅಂಟಿಸಿದ್ದು. ಇದನ್ನು ಬದಲಿಸಬಹುದು, ಬದಲಿಸಲೂಬೇಕು ಎನ್ನುವುದಕ್ಕೆ ಲಾಸ್ ಏಂಜಲೀಸ್ ಮತ್ತು ಅದರ ದಕ್ಷಿಣಕ್ಕಿರುವ ಸ್ಯಾನ್ ಡಿಯೇಗೊ ಎರಡರಲ್ಲೂ ಒಳ್ಳೆಯ ಪುರಾವೆಗಳಿವೆ.

ಹಡಗಿನ ಕಾಲದಲ್ಲಿ ಮೊದಲು ಬರುತ್ತಿದ್ದವನು ವೈದ್ಯ. ಹಡಗು ಹಳದಿ ಬಾವುಟ ಹಾರಿಸಿ ದಡದಿಂದ ದೂರವೇ ನಿಲ್ಲಬೇಕು. ವೈದ್ಯ ದೋಣಿಯಲ್ಲಿ ಹೋಗಿ, ಮೇಲೆ ಹತ್ತಿ, ಸಿಡುಬು, ಕಾಲರಾ, ಪ್ಲೇಗು ಯಾವುದೂ ಇಲ್ಲವೆಂದು ನೋಡಿ ಅಪ್ಪಣೆ ಕೊಟ್ಟ ಮೇಲೇ ಹಡಗಿಗೆ ದಡ. ಸ್ಯಾನ್ ಡಿಯೇಗೊ ಕೊಲ್ಲಿಯ ಬಾಯಲ್ಲಿರುವ ಪಾಯಿಂಟ್ ಲೋಮಾದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ಇಂಥ ಕ್ವಾರಂಟೈನ್ ಠಾಣೆ ಇತ್ತು. ವೈದ್ಯನ ಹಿಂದೆ ವಲಸೆ ಅಧಿಕಾರಿ, ಅವನ ಹಿಂದೆ ಸುಂಕದವನು. ಪ್ರಯಾಣಿಕರು ಕೆಳಗಿಳಿದ ಮೇಲೂ ಅವರ ಟ್ರಂಕುಗಳು ಹಡಗಿನ ಹೊಟ್ಟೆಯಿಂದ ಕ್ರೇನಿನಲ್ಲಿ ಮೇಲೆ ಬರುವುದಕ್ಕೆ ಗಂಟೆಗಟ್ಟಲೆ ಹಿಡಿಯುತ್ತಿತ್ತು. ದೊಡ್ಡ ಬಂದರುಗಳ ಕಟ್ಟೆಯ ಮೇಲೆ ಇಂಗ್ಲಿಷಿನ ಅಕ್ಷರಗಳನ್ನು ಬರೆದ ಹಲಗೆಗಳನ್ನು ತೂಗುಹಾಕಿ, ಹೆಸರಿನ ಮೊದಲಕ್ಷರದ ಕೆಳಗೆ ಅವರವರ ಪೆಟ್ಟಿಗೆಗಳನ್ನು ಒಟ್ಟುತ್ತಿದ್ದರು. ಮನುಷ್ಯ ಮೊದಲು, ಸಾಮಾನು ಆಮೇಲೆ ಎಂಬ ನಿಯಮದ ಮೂಲ ಇಷ್ಟೇ: ಮನುಷ್ಯ ಮೊದಲು ಇಳಿಯುತ್ತಿದ್ದ, ಸಾಮಾನು ತಡವಾಗಿ ಬರುತ್ತಿತ್ತು.

ವೈದ್ಯನಿಗೆ ಮೊದಲ ಸ್ಥಾನ ಕೊಟ್ಟದ್ದರಲ್ಲಿ ಅತಿಶಯವೇನೂ ಇರಲಿಲ್ಲ. 1924ರಲ್ಲಿ ಲಾಸ್ ಏಂಜಲೀಸ್ ನಗರದಲ್ಲೇ ಪ್ಲೇಗು ಕಾಣಿಸಿಕೊಂಡಿತ್ತು. ಕನ್ನಡದ ಓದುಗರಿಗೆ ಇದು ಅಪರಿಚಿತ ಭಯವಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದದ್ದು ರೈಲಿನ ದಾರಿಯಲ್ಲಿ. ಊರೂರುಗಳಲ್ಲಿ ಪ್ಲೇಗಮ್ಮನ ಗುಡಿಗಳು ಎದ್ದವು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ ನೋಡುತ್ತಿದ್ದರು. ನೆರೆಯ ಮದ್ರಾಸ್ ಪ್ರಾಂತ್ಯದಲ್ಲಿ ಸೋಂಕಿನ ಊರುಗಳಿಂದ ಬಂದವರ ಕೈಗೆ ‘ಪ್ಲೇಗ್ ಪಾಸ್‌ಪೋರ್ಟ್’ ಎಂಬ ಚೀಟಿ ಕೊಟ್ಟು, ಹತ್ತು ದಿನ ನಿಗಾ ಇಡುತ್ತಿದ್ದರು.

ವಿಮಾನಗಳು ಬಂದಾಗ ಸರ್ಕಾರಗಳು ಈ ಕ್ರಮವನ್ನೇ ಮುಂದುವರಿಸಿದವು. 1944ರ ಷಿಕಾಗೊ ಒಪ್ಪಂದದಿಂದ ಹುಟ್ಟಿದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1949ರಲ್ಲಿ ಒಂಬತ್ತನೆಯ ಅನುಬಂಧವನ್ನು ಹೊರತಂದಿತು. ಪ್ರಯಾಣಿಕರನ್ನು ಸುಮ್ಮನೆ ಕಾಯಿಸಬಾರದು ಎಂಬುದು ಅದರ ತಿರುಳು. ಬಂದಿಳಿದವರ ತಪಾಸಣೆ 45 ನಿಮಿಷದೊಳಗೆ ಮುಗಿಯಬೇಕು ಎಂಬ ಶಿಫಾರಸು ಇರುವುದೂ ಅದರಲ್ಲೇ. ಎಷ್ಟು ಹೊತ್ತು ಎಂಬುದನ್ನು ಅದು ಕೇಳಿತು. ಯಾವುದು ಮೊದಲು ಎಂಬುದು ಮಾತ್ರ ಹಡಗಿನ ಕಾಲದಲ್ಲಿ ಇದ್ದಂತೆಯೇ ಉಳಿಯಿತು.

ಹಡಗಿನಿಂದ ಬಂದ ಇನ್ನೊಂದು ಪದ್ಧತಿ, ಕಾಲಿಟ್ಟ ಮೊದಲ ನೆಲದಲ್ಲೇ ತಪಾಸಣೆ. ಏಷ್ಯಾದಿಂದ ಹೊನೊಲುಲು ಮಾರ್ಗವಾಗಿ ಲಾಸ್ ಏಂಜಲೀಸ್‌ಗೆ ಬರುವವರು ಹೊನೊಲುಲುವಿನಲ್ಲೇ ಇಳಿದು, ಪೆಟ್ಟಿಗೆ ತೆರೆದು ತೋರಿಸಿ, ಮತ್ತೆ ಹತ್ತಬೇಕಿತ್ತು. ಯುರೋಪಿನ ಮೂಲಕ ಬರುವ ಭಾರತೀಯರ ತಪಾಸಣೆ ನ್ಯೂಯಾರ್ಕಿನಲ್ಲಿ. ಅಲ್ಲಿನ ಐಡಲ್‌ವೈಲ್ಡ್ ನಿಲ್ದಾಣದಲ್ಲಿ 1957ರಲ್ಲಿ ತೆರೆದ ಆಗಮನ ಕಟ್ಟಡದಲ್ಲಿ ಕಸ್ಟಮ್ಸ್ ಕೌಂಟರುಗಳನ್ನು ಸೂಪರ್‌ಮಾರ್ಕೆಟ್ಟಿನ ಗಲ್ಲೆಯ ಮಾದರಿಯಲ್ಲಿ ಸಾಲಾಗಿ ಕಟ್ಟಿದ್ದರು. ಮೇಲಿನ ಗಾಜಿನ ಮೊಗಸಾಲೆಯಲ್ಲಿ ನಿಂತ ನೆಂಟರು, ತಮ್ಮವರು ಪೆಟ್ಟಿಗೆ ಬಿಚ್ಚಿ ತೋರಿಸುವುದನ್ನು ಕಣ್ಣಾರೆ ನೋಡಬಹುದಿತ್ತು. ಇಂದು ಈ ಸೌಲಭ್ಯ ಸಾಮಾನ್ಯವಾಗಿ ಇಲ್ಲ. ಒಳಗೆ ಹೋದವರು ಹೊರಗೆ ಬರುವ ತನಕ ಏನಾದರು ಎಂಬುದು ಗೊತ್ತಾಗುವುದಿಲ್ಲ.

1965ರ ವಲಸೆ ಕಾಯ್ದೆ ಬರುವ ತನಕ ಭಾರತೀಯರಿಗೆ ಅಮೆರಿಕದಲ್ಲಿ ನೆಲೆಸಲು ಇದ್ದ ಅವಕಾಶ ವರ್ಷಕ್ಕೆ ನೂರು ಜನರಷ್ಟು ಮಾತ್ರ. ಕಾಯ್ದೆ ಬದಲಾದ ಮೇಲೆ ವೈದ್ಯರು, ಎಂಜಿನಿಯರರು, ವಿಜ್ಞಾನಿಗಳು ಬರತೊಡಗಿದರು; ಅವರಲ್ಲಿ ಮೈಸೂರು, ಬೆಂಗಳೂರು, ಧಾರವಾಡ, ಮಂಗಳೂರುಗಳವರೂ ಇದ್ದರು. ಅವರ ಕೈಚೀಲದಲ್ಲಿ ಇರಲೇಬೇಕಾಗಿದ್ದ ವಸ್ತುಗಳಲ್ಲಿ ಸಿಡುಬಿನ ಚುಚ್ಚುಮದ್ದು ನಮೂದಾದ ಹಳದಿ ಪುಸ್ತಕ ಒಂದು. ಕಾಯಂ ನೆಲೆಸಲು ಬರುವವರ ಬಳಿ ರಾಯಭಾರ ಕಚೇರಿ ಮೊಹರು ಮಾಡಿ ಕೊಟ್ಟ ಲಕೋಟೆ, ಜೊತೆಗೆ ಎದೆಯ ಎಕ್ಸ್‌ರೇ ಫಿಲ್ಮು. ಮಡಚುವಂತಿಲ್ಲ, ಲಗೇಜಿನಲ್ಲಿ ಹಾಕುವಂತಿಲ್ಲ. ಆ ದೊಡ್ಡ ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತ ತಲೆಮಾರು ಅದು. ಹಡಗಿನ ವೈದ್ಯ ಮರೆಯಾಗಿದ್ದರೂ ಅವನ ಕೆಲಸ ಹೀಗೆ ಕಾಗದದಲ್ಲಿ ಉಳಿದಿತ್ತು.

ಅವರ ಹಿಂದೆಯೇ ಅಪ್ಪ ಅಮ್ಮಂದಿರು ಬಂದರು. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋದ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಪ್ರವಾಸಕಥನಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಷ್ಟು ಹೊತ್ತಿಗಾಗಲೇ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿಬರುವುದು ಕರ್ನಾಟಕದ ಮಧ್ಯಮ ವರ್ಗದ ಮನೆಗಳಿಗೆ ಕಾಲಿಡತೊಡಗಿತ್ತು. ವಿಮಾನ ನಿಲ್ದಾಣದ ಕ್ರಮವನ್ನು ನೋಡಬೇಕಾದದ್ದು ಈ ಅಮ್ಮಂದಿರ ಕಣ್ಣಿನಿಂದ. ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ಬರುವ ಎಂಜಿನಿಯರನಿಗೆ ಯಾವುದು ಮೊದಲಾದರೂ ನಡೆಯುತ್ತದೆ.

1984 ಲಾಸ್ ಏಂಜಲೀಸ್‌ನ ಪಾಲಿಗೆ ದೊಡ್ಡ ವರ್ಷ. ಜುಲೈ 28ಕ್ಕೆ ಒಲಿಂಪಿಕ್ಸ್ ಆರಂಭ. ಅದಕ್ಕೆ ಮುಂಚೆ ಜೂನ್‌ನಲ್ಲಿ ಹೊಸ ಅಂತರರಾಷ್ಟ್ರೀಯ ಟರ್ಮಿನಲ್ ಬಾಗಿಲು ತೆರೆಯಿತು. ಆಗಿನ ಮೇಯರ್ ಟಾಮ್ ಬ್ರ್ಯಾಡ್ಲಿಯವರ ಹೆಸರನ್ನು ಅದಕ್ಕಿಟ್ಟರು. ಅದೇ ವರ್ಷ ಅದೇ ನಿಲ್ದಾಣದಲ್ಲಿ ಇನ್ನೊಂದು ಪ್ರಯೋಗ ಶುರುವಾಯಿತು: ಲಗೇಜಿನ ನಡುವೆ ಬೀಗಲ್ ನಾಯಿ. ಅಮೆರಿಕದ ಕೃಷಿ ಇಲಾಖೆಯ ‘ಬೀಗಲ್ ಬ್ರಿಗೇಡ್’ ಹುಟ್ಟಿದ್ದು ಎಲ್‌ಎಎಕ್ಸ್‌ನಲ್ಲಿ. ಬೀಗಲ್ ಗಿಡ್ಡ ಜಾತಿಯ ನಾಯಿ. ಜನರ ಮೇಲೆ ಹರಿಹಾಯುವುದಿಲ್ಲ. ಹಣ್ಣು, ಸೊಪ್ಪು, ಮಾಂಸದ ವಾಸನೆ ಸಿಕ್ಕಿದರೆ ಆ ಚೀಲದ ಪಕ್ಕ ಸುಮ್ಮನೆ ಕೂತುಬಿಡುತ್ತದೆ. ಹಸಿರು ಅಂಗಿ ತೊಟ್ಟ ನಾಯಿಯೊಂದು ತನ್ನ ಚೀಲದ ಬಳಿ ಬಂದು ಕೂತಾಗ, ಹದಿನೈದಿಪ್ಪತ್ತು ಗಂಟೆ ಪ್ರಯಾಣ ಮಾಡಿ ಬಂದ ಹಿರಿಯರಿಗೆ ಕೈಕಾಲು ತಣ್ಣಗಾಗುವುದು ಸಹಜ.

ಆದರೆ ಆ ನಾಯಿಯ ಕೆಲಸ ಹಗುರದ್ದಲ್ಲ. ಕ್ಯಾಲಿಫೋರ್ನಿಯಾ ಹಣ್ಣಿನ ತೋಟಗಳ ರಾಜ್ಯ. 1975ರಲ್ಲಿ ಲಾಸ್ ಏಂಜಲೀಸ್ ಸುತ್ತ ಮೆಡಿಟರೇನಿಯನ್ ಹಣ್ಣಿನ ನೊಣ ಮೊದಲ ಬಾರಿ ಸಿಕ್ಕಿತು. 1989–90ರಲ್ಲಿ ಅದನ್ನು ಅಡಗಿಸಲು ರಾತ್ರಿ ಹೊತ್ತು ಹೆಲಿಕಾಪ್ಟರುಗಳಿಂದ ಮನೆಗಳ ಮೇಲೆಯೇ ಮ್ಯಾಲಥಿಯಾನ್ ಕೀಟನಾಶಕ ಸಿಂಪಡಿಸಿದರು. ಜನ ಬೀದಿಗಿಳಿದು ವಿರೋಧಿಸಿದರು. ನಮ್ಮ ಮಾವಿನ ತೋಟಗಳಲ್ಲಿ ಕಾಯಿಗೆ ಚುಚ್ಚಿ ಮೊಟ್ಟೆಯಿಡುವ ಏಷ್ಯಾದ ಹಣ್ಣಿನ ನೊಣವೂ ಅಲ್ಲಿಗೆ ಮತ್ತೆ ಮತ್ತೆ ನುಗ್ಗಿದೆ. ಲಾಸ್ ಏಂಜಲೀಸ್‌ನ ಪೂರ್ವಕ್ಕಿರುವ ರೆಡ್‌ಲ್ಯಾಂಡ್ಸ್ ಊರಿನಲ್ಲಿ 2024ರ ಆರಂಭದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮನೆಗಳ ಹಿತ್ತಲಿನಿಂದ ಹಣ್ಣುಗಳನ್ನೆಲ್ಲ ಕಿತ್ತು ಹೊರಗೆ ಸಾಗಿಸಿದ್ದು ಇದೇ ನೊಣದ ಕಾರಣಕ್ಕೆ.

ಕರಿಬೇವಿನ ಕಥೆ ಇನ್ನೂ ಹತ್ತಿರದ್ದು. ಕಿತ್ತಳೆ, ನಿಂಬೆ ಗಿಡಗಳನ್ನು ಕೊಲ್ಲುವ ಹುವಾಂಗ್‌ಲಾಂಗ್‌ಬಿಂಗ್ ರೋಗವನ್ನು ಹರಡುವ ಪುಟ್ಟ ಕೀಟ ಕರಿಬೇವಿನ ಚಿಗುರಿನಲ್ಲೂ ಬಾಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಆ ಕೀಟ ಮೊದಲು ಸಿಕ್ಕಿದ್ದು 2008ರಲ್ಲಿ, ಸ್ಯಾನ್ ಡಿಯೇಗೊ ಕೌಂಟಿಯಲ್ಲಿ. ಮರುವರ್ಷ ಫ್ರೆಸ್ನೊದಲ್ಲಿ ಭಾರತದಿಂದ ಬಂದ ಪಾರ್ಸೆಲೊಂದನ್ನು ಮೂಸಿ ಹಿಡಿದದ್ದು ತರಬೇತಾದ ನಾಯಿ. ಒಳಗಿದ್ದ ಕರಿಬೇವಿನಲ್ಲಿ ರೋಗಾಣು ಹೊತ್ತ ಕೀಟಗಳಿದ್ದವು. 2012ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಹಸಿಯೆಂಡಾ ಹೈಟ್ಸ್‌ನ ಮನೆಯೊಂದರ ಹಿತ್ತಲ ಮರದಲ್ಲಿ ರೋಗವೇ ಕಾಣಿಸಿತು. ಒಗ್ಗರಣೆಗೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿ, ಸೀರೆಗಳ ನಡುವೆ ಇಟ್ಟು ತರುವ ಒಂದು ಹಿಡಿ ಸೊಪ್ಪನ್ನು ಅಧಿಕಾರಿಗಳು ಕಸದ ಬುಟ್ಟಿಗೆ ಹಾಕುವುದರ ಹಿಂದೆ ಇಷ್ಟೆಲ್ಲ ಇದೆ. ಅಕ್ಕಿಯದೂ ಹಾಗೆಯೇ. ಖಪ್ರಾ ಎಂಬ ಗೋದಾಮಿನ ಹುಳು 1953ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕಾಗ ಅದನ್ನು ನಿರ್ಮೂಲ ಮಾಡಲು 1966ರ ತನಕ ಹಿಡಿಯಿತು. ಅದಕ್ಕೇ 2011ರ ಜುಲೈ ಕೊನೆಯಿಂದ ಭಾರತದಿಂದ ಬರುವ ಪ್ರಯಾಣಿಕರು ಸೋನಾ ಮಸೂರಿಯನ್ನು ಚೀಲದಲ್ಲಿ ತರುವಂತಿಲ್ಲ.

ಈ ನಿಯಮಗಳೆಲ್ಲ ಸರಿಯೇ. ಎಡವಟ್ಟಿರುವುದು ಅವನ್ನು ಯಾವಾಗ, ಹೇಗೆ ಕೇಳುತ್ತಾರೆ ಎಂಬುದರಲ್ಲಿ. ಬಾಣಂತನಕ್ಕೆ ಬರುವ ಅಮ್ಮನ ಸೂಟ್‌ಕೇಸಿನಲ್ಲಿ ಬಾಣಂತಿ ಲೇಹ್ಯ, ಅಂಟಿನುಂಡೆ, ಸಾರಿನಪುಡಿ, ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ. ಇವುಗಳಲ್ಲಿ ಹೆಚ್ಚಿನವಕ್ಕೆ ಅಡ್ಡಿಯಿಲ್ಲ. ಆದರೆ ತಿನಿಸು ತಂದಿದ್ದೀರಾ ಎಂದು ಕೇಳುವುದು ಪಾಸ್‌ಪೋರ್ಟಿನ ಗೂಡಿನಲ್ಲಿ. ಆಗ ಪೆಟ್ಟಿಗೆ ಕಣ್ಣ ಮುಂದೆ ಇಲ್ಲ. ತೆರೆದು ತೋರಿಸಿ ‘ಇದು’ ಎನ್ನಲು ದಾರಿಯಿಲ್ಲ. ಇಂಗ್ಲಿಷ್ ಸರಾಗವಿಲ್ಲದವರು ಗಾಬರಿಯಲ್ಲಿ ‘ನೋ’ ಎಂದುಬಿಡುತ್ತಾರೆ. ಅಷ್ಟಕ್ಕೇ ತಪ್ಪು ಘೋಷಣೆಯಾಯಿತು. ಮೊದಲ ಸಲಕ್ಕೇ 300 ಡಾಲರಿನಿಂದ ಶುರುವಾಗುವ ದಂಡ ಬೀಳಬಹುದು. ಇದೆ ಎಂದು ಹೇಳಿದ್ದರೆ ಹೆಚ್ಚೆಂದರೆ ವಸ್ತು ಹೋಗುತ್ತಿತ್ತು, ದಂಡವಿಲ್ಲ. ಅದಕ್ಕೇ ಹೊರಡುವ ಹಿಂದಿನ ರಾತ್ರಿ ಮಕ್ಕಳು ಫೋನಿನಲ್ಲಿ ಹೇಳುವುದು ಒಂದೇ ಮಾತು: ‘ಅಮ್ಮ, ಏನು ಕೇಳಿದ್ರೂ ಇರೋದನ್ನ ಇದೆ ಅಂತ ಹೇಳಿಬಿಡು. ಮುಚ್ಚಿಡಬೇಡ.’ ಪಾಸ್‌ಪೋರ್ಟಿನ ಜೊತೆ ಒಂದು ಚೀಟಿ: ಮಗಳ ವಿಳಾಸ, ಫೋನ್ ನಂಬರು, ವಾಪಸ್ ಟಿಕೆಟ್ಟಿನ ತಾರೀಕು, ಕನ್ನಡ ಲಿಪಿಯಲ್ಲೇ ಬರೆದ ಕೆಲವು ಇಂಗ್ಲಿಷ್ ಉತ್ತರಗಳು. ನಡೆಯುವ ಶಕ್ತಿಯಿದ್ದರೂ ವೀಲ್‌ಚೇರ್ ಕೇಳುವ ಹಿರಿಯರು ಇಷ್ಟು ಮಂದಿ ಯಾಕೆ ಎಂದು ಕೆಲವರು ಮೂಗು ಮುರಿಯುತ್ತಾರೆ. ಅವರಿಗೆ ಬೇಕಿರುವುದು ಕುರ್ಚಿಗಿಂತ ಹೆಚ್ಚಾಗಿ ಅದನ್ನು ತಳ್ಳುವ ಮನುಷ್ಯ. ಒಂದು ಕಟ್ಟೆಯಿಂದ ಇನ್ನೊಂದಕ್ಕೆ ದಾರಿ ತೋರಿಸುವ ಜೊತೆಗಾರ.

ಇಷ್ಟೊಂದು ಕಟ್ಟೆಗಳಿದ್ದದ್ದಕ್ಕೆ ಇಲಾಖೆಗಳೂ ಕಾರಣ. ವಲಸೆ ನ್ಯಾಯ ಇಲಾಖೆಯ ಕೈಯಲ್ಲಿ, ಸುಂಕ ಖಜಾನೆಯ ಕೈಯಲ್ಲಿ, ಹಣ್ಣು ಸೊಪ್ಪು ಕೃಷಿ ಇಲಾಖೆಯ ಕೈಯಲ್ಲಿ, ರೋಗ ರುಜಿನ ಸಾರ್ವಜನಿಕ ಆರೋಗ್ಯ ಸೇವೆಯ ಕೈಯಲ್ಲಿ. 1973ರಲ್ಲಿ ಅಧ್ಯಕ್ಷ ನಿಕ್ಸನ್ ಕಳುಹಿಸಿದ ಪುನರ್‌ರಚನೆ ಯೋಜನೆಯಲ್ಲಿ ವಲಸೆ ತಪಾಸಕರನ್ನು ಸುಂಕದವರ ಜೊತೆ ಸೇರಿಸುವ ಪ್ರಸ್ತಾಪವಿತ್ತು. ನೌಕರರ ಸಂಘಗಳು ಒಪ್ಪಲಿಲ್ಲ; ಮರುವರ್ಷ ಆ ಭಾಗವನ್ನು ಸಂಸತ್ತೇ ತೆಗೆದುಹಾಕಿತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರವಷ್ಟೇ, 2003ರ ಮಾರ್ಚ್ 1ರಂದು, ವಲಸೆ, ಸುಂಕ, ಕೃಷಿ ತಪಾಸಣೆ ಮೂರೂ ಕೆಲಸಗಳು ಕಸ್ಟಮ್ಸ್ ಮತ್ತು ಗಡಿ ರಕ್ಷಣಾ ಸಂಸ್ಥೆ ಎಂಬ ಒಂದೇ ಸೂರಿನಡಿ ಬಂದವು. ಸಮವಸ್ತ್ರ ಒಂದಾಯಿತು. ಸಾಲುಗಳು ಒಂದಾಗಲಿಲ್ಲ. ಅದೇ ವರ್ಷ ವೀಸಾ ಇಲ್ಲದೆ ಹಾದುಹೋಗುವ ಸೌಲಭ್ಯವನ್ನೂ ಕಿತ್ತುಹಾಕಿದ್ದರಿಂದ, ಲಾಸ್ ಏಂಜಲೀಸ್‌ನಲ್ಲಿ ವಿಮಾನ ಬದಲಿಸಿ ಬೇರೆ ದೇಶಕ್ಕೆ ಹೋಗುವವರೂ ಎಲ್ಲರಂತೆ ಪೂರ್ತಿ ಒಳಬಂದು ಹೊರಹೋಗಬೇಕಾಯಿತು.

ಮುಂದಿನ ವರ್ಷಗಳಲ್ಲಿ ಬದಲಾದದ್ದು ಉಪಕರಣಗಳು. 2004ರ ಜನವರಿಯಿಂದ ಬೆರಳಚ್ಚು, ಫೋಟೊ. 2013ರಲ್ಲಿ ಪಾಸ್‌ಪೋರ್ಟಿಗೆ ಪಿನ್ನು ಹೊಡೆಯುತ್ತಿದ್ದ ಬಿಳಿ ಐ–94 ಚೀಟಿ ಕಂಪ್ಯೂಟರಿಗೆ ಹೋಯಿತು. ಆಮೇಲೆ ಕಿಯಾಸ್ಕ್, ಮೊಬೈಲ್ ಆ್ಯಪ್, ಮುಖ ಗುರುತಿಸುವ ಕ್ಯಾಮೆರಾ. ಪ್ರತಿಯೊಂದೂ ಒಂದೊಂದು ಕಟ್ಟೆಯ ಕೆಲಸವನ್ನು ಚುರುಕು ಮಾಡಿತು, ಕಟ್ಟೆಗಳ ಕ್ರಮವನ್ನು ಮುಟ್ಟಲಿಲ್ಲ.

ಸ್ಯಾನ್ ಡಿಯೇಗೊಗೆ ಬಂದರೆ ಬೇರೆಯದೇ ಪಾಠ ಸಿಗುತ್ತದೆ. ಊರಿನ ವಿಮಾನ ನಿಲ್ದಾಣ 1928ರ ಆಗಸ್ಟ್ 16ರಂದು ಲಿಂಡ್‌ಬರ್ಗ್ ಫೀಲ್ಡ್ ಎಂಬ ಹೆಸರಿನಲ್ಲಿ ಉದ್ಘಾಟನೆಯಾದದ್ದು. ದೂರದೇಶದ ವಿಮಾನಗಳು ಮಾತ್ರ ಬಹುಕಾಲ ವಿರಳ. 1985ರಲ್ಲಿ ಅಲ್ಲಿ ಹುಟ್ಟಿದ ಕ್ವಾಲ್‌ಕಾಮ್ ಕಂಪನಿಯಂಥವು ಬೆಂಗಳೂರಿನ ಎಂಜಿನಿಯರುಗಳನ್ನು ಸೆಳೆದಾಗಲೂ, ಅವರ ಹೆತ್ತವರು ಇಳಿಯುತ್ತಿದ್ದದ್ದು ಲಾಸ್ ಏಂಜಲೀಸ್‌ನಲ್ಲಿ. ಅಲ್ಲಿ ಪೆಟ್ಟಿಗೆ ಎಳೆದು, ತಪಾಸಣೆ ಮುಗಿಸಿ, ಮತ್ತೆ ಒಪ್ಪಿಸಿ, ಇನ್ನೊಂದು ವಿಮಾನ ಹಿಡಿಯುವ ಬದಲು ಮಕ್ಕಳೇ ಕಾರಿನಲ್ಲಿ ಬಂದು ಕರೆದೊಯ್ಯುವುದು ವಾಡಿಕೆ. 2012ರ ಡಿಸೆಂಬರ್‌ನಲ್ಲಿ ಜಪಾನ್ ಏರ್‌ಲೈನ್ಸ್ ಟೋಕಿಯೊದಿಂದ ನೇರ ವಿಮಾನ ಶುರುಮಾಡಿತು. 2018ರಲ್ಲಿ ಎರಡನೇ ಟರ್ಮಿನಲ್‌ನಲ್ಲಿ ಹೊಸ ಅಂತರರಾಷ್ಟ್ರೀಯ ಆಗಮನ ಸಭಾಂಗಣ ತೆರೆಯಿತು. ಬೆಂಗಳೂರಿನಿಂದ ಟೋಕಿಯೊದ ನರಿತಾ ನಿಲ್ದಾಣಕ್ಕೆ ಬಂದು ಅಲ್ಲಿಂದ ನೇರ ಸ್ಯಾನ್ ಡಿಯೇಗೊದಲ್ಲೇ ಇಳಿಯುವ ದಾರಿ ಹಿರಿಯರಿಗೆ ಎಷ್ಟೋ ಹಿತ.

ಆದರೆ ನಿಜವಾದ ಪಾಠ ಊರಿನ ದಕ್ಷಿಣ ಅಂಚಿನಲ್ಲಿದೆ. ಮೆಕ್ಸಿಕೊದ ಟಿಹುವಾನಾ ವಿಮಾನ ನಿಲ್ದಾಣ ಗಡಿಬೇಲಿಗೆ ಅಂಟಿಕೊಂಡೇ ಇದೆ. 2015ರ ಡಿಸೆಂಬರ್ 9ರಂದು ಅಲ್ಲಿಂದ ಅಮೆರಿಕದ ಓಟೈ ಮೇಸಾಕ್ಕೆ 390 ಅಡಿ ಉದ್ದದ ಕಾಲುಸೇತುವೆ ತೆರೆಯಿತು. ಹೆಸರು ಕ್ರಾಸ್ ಬಾರ್ಡರ್ ಎಕ್ಸ್‌ಪ್ರೆಸ್. ಮೆಕ್ಸಿಕೊದ ಗ್ವಾದಲಹಾರಾದಂಥ ಊರುಗಳಿಂದ ಬಂದವರು ಟಿಹುವಾನಾದಲ್ಲಿ ಇಳಿದು, ಬೆಲ್ಟಿನಿಂದ ತಮ್ಮ ಲಗೇಜು ತೆಗೆದುಕೊಂಡು, ಅದನ್ನು ಎಳೆದುಕೊಂಡೇ ಸೇತುವೆ ದಾಟಿ ಅಮೆರಿಕದ ಅಧಿಕಾರಿಯ ಮುಂದೆ ನಿಲ್ಲುತ್ತಾರೆ. ಅಂದರೆ ಪೆಟ್ಟಿಗೆ ಮೊದಲು, ಪಾಸ್‌ಪೋರ್ಟು ಆಮೇಲೆ. ಮೈಲುಗಳಾಚೆಯ ಸ್ಯಾನ್ ಇಸಿದ್ರೊ ಠಾಣೆಯಲ್ಲಿ ಕಾಲ್ನಡಿಗೆಯಲ್ಲಿ ಗಡಿ ದಾಟುವವರದೂ ಇದೇ ರೀತಿ. ಮನುಷ್ಯ ಮತ್ತು ಅವನ ಚೀಲ ಒಟ್ಟಿಗೇ ಬರುತ್ತಾರೆ. ನೆಲದ ಗಡಿಯಲ್ಲಿ ಯಾರಿಗೂ ಇದು ವಿಚಿತ್ರವೆನಿಸಿಲ್ಲ.

ಇದನ್ನೇ ವಿಮಾನ ನಿಲ್ದಾಣದೊಳಕ್ಕೆ ತಂದ ಉದಾಹರಣೆ ಸಿಯಾಟಲ್. 2022ರಲ್ಲಿ ಅಲ್ಲಿ ತೆರೆದ ಹೊಸ ಆಗಮನ ಕಟ್ಟಡದಲ್ಲಿ ಪ್ರಯಾಣಿಕರು ಮೊದಲು ಲಗೇಜು ತೆಗೆದುಕೊಳ್ಳುತ್ತಾರೆ, ಆಮೇಲೆ ಒಂದೇ ಕಡೆ ಅಧಿಕಾರಿಯನ್ನು ಕಾಣುತ್ತಾರೆ. ತಿನಿಸು ಇದೆಯಾ ಎಂದು ಕೇಳಿದಾಗ ಪೆಟ್ಟಿಗೆ ಪಕ್ಕದಲ್ಲೇ ಇರುತ್ತದೆ. ನಾಯಿಯೂ ಅಷ್ಟರಲ್ಲಿ ತನ್ನ ಕೆಲಸ ಮುಗಿಸಿರಬಹುದು. ಸಂಶಯವಿದ್ದವರನ್ನು ತಡೆದರೆ ಅವರ ಸಾಮಾನನ್ನು ಇನ್ನೆಲ್ಲಿಂದಲೋ ಹುಡುಕಿ ತರಬೇಕಿಲ್ಲ.

ಹಳೆಯ ಕ್ರಮದ ಪರವಾಗಿ ಒಂದು ಬಲವಾದ ವಾದವಿದೆ, ಅದನ್ನು ತಳ್ಳಿಹಾಕಲಾಗದು. ವಿಮಾನದ ಹೊಟ್ಟೆಯಿಂದ ಲಗೇಜು ಬೆಲ್ಟಿಗೆ ಬರಲು ಸಮಯ ಬೇಕು. ಪಾಸ್‌ಪೋರ್ಟಿನ ಸಾಲು ಆ ಸಮಯವನ್ನು ನುಂಗುತ್ತದೆ. ಪೆಟ್ಟಿಗೆ ಮೊದಲು ಎಂದರೆ ಜನ ಬೆಲ್ಟಿನ ಸುತ್ತ ಗುಂಪುಗೂಡುತ್ತಾರೆ, ಆಮೇಲೆ ತಳ್ಳುಗಾಡಿಗಳ ಸಮೇತ ಸಾಲು ನಿಲ್ಲುತ್ತಾರೆ. ಅದಕ್ಕೆ ವಿಶಾಲ ಸಭಾಂಗಣ ಬೇಕು. ಹೊಸದಾಗಿ ಕಟ್ಟಿದ ಸಿಯಾಟಲ್‌ಗೆ ಸಾಧ್ಯವಾದದ್ದು 1984ರ ಗೋಡೆಗಳೊಳಗೆ ಬೆಳೆದ ಟರ್ಮಿನಲ್‌ಗೆ ಕಷ್ಟ. ಕಟ್ಟಡದ ಲೆಕ್ಕದಲ್ಲಿ ಈ ವಾದ ಸರಿ. ಆದರೆ ಸಾಲಿನಲ್ಲಿ ಎರಡೆರಡು ಸಲ ನಿಲ್ಲುವ, ತನ್ನ ಪೆಟ್ಟಿಗೆಯಿಂದ ದೂರವಿದ್ದೇ ಅದರ ಬಗ್ಗೆ ಉತ್ತರ ಕೊಡಬೇಕಾದ ಮನುಷ್ಯನ ಲೆಕ್ಕ ಅದರಲ್ಲಿ ಬಂದಿಲ್ಲ. ಕ್ಯಾಲಿಫೋರ್ನಿಯಾದ ತೋಟಗಳ ಲೆಕ್ಕವೂ ಬಂದಿಲ್ಲ. ಹುಳು ಬರುವುದು ಪೆಟ್ಟಿಗೆಯಲ್ಲಿ. ಅದನ್ನೇ ಕೊನೆಯ ಕಟ್ಟೆಗೆ, ಎಲ್ಲರೂ ಬಾಗಿಲ ಕಡೆ ಧಾವಿಸುವ ಹೊತ್ತಿಗೆ ಬಿಡುವುದು ವಿವೇಕವಲ್ಲ.

ಇಡೀ ತಪಾಸಣೆಯನ್ನೇ ಹೊರಡುವ ಊರಿಗೆ ಒಯ್ಯುವುದು ಮತ್ತೊಂದು ದಾರಿ. 1952ರಲ್ಲಿ ಟೊರಾಂಟೊದಲ್ಲಿ ಶುರುವಾದ ಈ ಪದ್ಧತಿ 2014ರ ಜನವರಿಯಲ್ಲಿ ಅಬುಧಾಬಿಗೆ ಬಂತು. ಆ ವರ್ಷ ಜೂನ್‌ನಲ್ಲಿ ಎತಿಹಾದ್ ವಿಮಾನ ಸಂಸ್ಥೆ ಅಲ್ಲಿಂದ ಲಾಸ್ ಏಂಜಲೀಸ್‌ಗೆ ನೇರ ವಿಮಾನ ಆರಂಭಿಸಿದಾಗ, ಬೆಂಗಳೂರಿನಿಂದ ಬಂದವರು ಅಮೆರಿಕದ ಅಧಿಕಾರಿಯನ್ನು ಅಬುಧಾಬಿಯಲ್ಲೇ ಕಂಡು, ಲಾಸ್ ಏಂಜಲೀಸ್‌ನಲ್ಲಿ ಒಳನಾಡಿನ ಪ್ರಯಾಣಿಕರಂತೆ ನೇರ ಹೊರಬರುತ್ತಿದ್ದರು. ಆ ನೇರ ವಿಮಾನ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಈಚೆಗೆ ಸಿಡ್ನಿಯಿಂದ ಲಾಸ್ ಏಂಜಲೀಸ್‌ಗೆ ಬರುವ ವಿಮಾನಗಳಲ್ಲಿ ಮತ್ತೂ ಮುಂದಿನ ಪ್ರಯೋಗ ನಡೆದಿದೆ: ಲಗೇಜಿನ ಎಕ್ಸ್‌ರೇ ಚಿತ್ರಗಳು ವಿಮಾನಕ್ಕಿಂತ ಮುಂಚೆಯೇ ಅಮೆರಿಕದ ಅಧಿಕಾರಿಗಳ ಪರದೆಗೆ ಬರುತ್ತವೆ. ಸಂಶಯವಿಲ್ಲದ ಪೆಟ್ಟಿಗೆಗಳು ಮುಂದಿನ ಊರಿನ ವಿಮಾನಕ್ಕೆ ನೇರ ಹೋಗುತ್ತವೆ. ಪ್ರಯಾಣಿಕ ನಡುವೆ ಅವನ್ನು ಬೆಲ್ಟಿನಿಂದ ಎತ್ತಿ ಇಳಿಸಬೇಕಿಲ್ಲ. ಬೆಂಗಳೂರಿನಿಂದ ಲಾಸ್ ಏಂಜಲೀಸ್‌ಗೆ ನೇರ ವಿಮಾನ ಇನ್ನೂ ಇಲ್ಲ. ಆದರೆ ಕರ್ನಾಟಕದ ಕನ್ನಡಿಗರು ಹೆಚ್ಚಾಗಿ ಹಾದುಬರುವ ನರಿತಾ, ದುಬೈ, ದೋಹಾ, ಫ್ರಾಂಕ್‌ಫರ್ಟ್‌ಗಳಲ್ಲಿ ಇಂಥ ಏರ್ಪಾಟು ಮಾಡಲು ಬೇಕಾದ ಯಂತ್ರಗಳು ಹೇಗೂ ಇವೆ. ಪ್ರತಿ ಪೆಟ್ಟಿಗೆಯನ್ನೂ ವಿಮಾನಕ್ಕೇರಿಸುವ ಮೊದಲು ಅಲ್ಲಿ ಎಕ್ಸ್‌ರೇ ಮಾಡಿಯೇ ಮಾಡುತ್ತಾರೆ.